ಲೋಣಾವಳದಿಂದ ಹೊರಟ ಮೀನು

ಮುಂಬಯಿಯಿಂದ ಊರಿಗೆ ಹೋಗುವ ನಮ್ಮಂಥವರಿಗೆ ದಾರಿಯೆಂದರೆ ಬೇಗ ಮುಗಿಸಬೇಕಾದ ಕೆಲಸ. ರಾತ್ರಿ ಬಸ್ಸಿನಲ್ಲಿ ಕಣ್ಣುಮುಚ್ಚಿದರೆ ನಿಪ್ಪಾಣಿಯ ಹತ್ತಿರ ಎಚ್ಚರ. ಸ್ವಂತ ಕಾರಿದ್ದರೂ ಅಷ್ಟೇ. ಎಷ್ಟು ಗಂಟೆಗೆ ಬೆಳಗಾವಿ ಮುಟ್ಟಿದೆವು, ಟೋಲಿಗೆ ಎಷ್ಟು ಹೋಯಿತು ಎಂಬುದೇ ಮಾತು. ನಡುವೆ ಇರುವ ಘಟ್ಟ, ಕೆರೆ, ಹೊಳೆ ಯಾವುದೂ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತು ವರ್ಷ ಹೀಗೆ ಓಡಾಡಿದ ಮೇಲೆ ಈ ಡಿಸೆಂಬರಿನಲ್ಲಾದರೂ ದಾರಿಯನ್ನು ನೋಡಿಕೊಂಡು ಹೋಗೋಣವೆಂದು ನಾವು ಎರಡು ಕುಟುಂಬದವರು ಸೇರಿ ಐದು ದಿನದ ಪ್ರಯಾಣ ಗೊತ್ತುಮಾಡಿದ್ದೇವೆ. ಪೊವಾಯಿ ಕೆರೆಯಿಂದ ಹೊರಟು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿರುವ ಕಾವೇರಿ ದಂಡೆಯವರೆಗೆ. ನನ್ನ ತಾಯಿಯ ತವರು ಆ ಕಡೆಯದು.

ಧಾರವಾಡ ಕಡೆಯ ಗೆಳೆಯರೊಬ್ಬರು ಜೊತೆಗಿದ್ದಾರೆ. ಅವರಿಗೆ ಗಾಳ ಹಾಕುವ ಹುಚ್ಚು. ದಿನಕ್ಕೊಂದು ಕಡೆಯಾದರೂ ನೀರಿನ ಪಕ್ಕ ಎರಡು ಗಂಟೆ ನಿಲ್ಲಬೇಕು ಎಂಬುದು ಅವರ ಷರತ್ತು. ನಿಲ್ಲುವ ಪ್ರತಿ ನೀರಿನ ಚರಿತ್ರೆಯನ್ನು ಮೊದಲೇ ಓದಿಕೊಂಡಿರಬೇಕು ಎಂಬುದು ನನ್ನ ಷರತ್ತು. ನಾನು ಎಂ.ಟೆಕ್ ಮಾಡಿದ್ದು ಜಲಸಂಪನ್ಮೂಲದಲ್ಲಿ, ಅನ್ನ ತಿನ್ನುತ್ತಿರುವುದು ಸಾಫ್ಟ್‌ವೇರಿನಲ್ಲಿ. ಆಫೀಸಿನ ಚಾಳಿಯಂತೆ ಒಂದು ಎಕ್ಸೆಲ್ ಹಾಳೆ ತೆರೆದು, ದಿನ, ಕಿಲೋಮೀಟರ್, ತಂಗುವ ಊರು, ನೀರು ಎಂದು ಅಂಕಣ ಎಳೆದೆ. ನೀರಿನ ಅಂಕಣ ತುಂಬಿಸುತ್ತ ಹೋದಂತೆ ಒಂದು ಸಂಗತಿ ಗೊತ್ತಾಯಿತು. ನಾವು ಹೊರಟಿರುವ ಇದೇ ದಿಕ್ಕಿನಲ್ಲಿ ಸುಮಾರು ಐವತ್ತು ವರ್ಷದ ಕೆಳಗೆ ಒಂದು ಮೀನು ಪ್ರಯಾಣ ಮಾಡಿದೆ. ಸಹ್ಯಾದ್ರಿಯ ನೆತ್ತಿಯಿಂದ ಹೊರಟು ನಮ್ಮೂರ ಹೊಳೆ ಸೇರಿದೆ. ಅಲ್ಲಿ ಅದು ಏನು ಮಾಡಿತು ಎಂಬುದೇ ಈ ಬರಹ. ದಾರಿಯ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ನಿಲ್ದಾಣ ಪೊವಾಯಿ. ಈಗ ಗಾಜಿನ ಕಟ್ಟಡಗಳ ನಡುವೆ ಸಿಕ್ಕಿಕೊಂಡಿರುವ ಈ ಕೆರೆ ನಿಸರ್ಗದ್ದಲ್ಲ. 1891ರಲ್ಲಿ ನಗರಕ್ಕೆ ಕುಡಿಯುವ ನೀರಿಗೆಂದು ಕಟ್ಟಿಸಿದ್ದು. ಈ ಜಾಗ ಅದಕ್ಕೂ ಮೊದಲು ಫ್ರಾಮ್‌ಜೀ ಕಾವಸ್‌ಜೀ ಎಂಬ ಪಾರ್ಸಿ ಜಮೀನ್ದಾರರ ಎಸ್ಟೇಟು. ನೀರು ಕುಡಿಯಲು ಸರಿಹೋಗಲಿಲ್ಲ, ಕೆರೆ ಮಾತ್ರ ಉಳಿಯಿತು. 1936ರಲ್ಲಿ ಇಲ್ಲಿ ಬಾಂಬೆ ಪ್ರೆಸಿಡೆನ್ಸಿ ಆಂಗ್ಲಿಂಗ್ ಅಸೋಸಿಯೇಷನ್ ಎಂಬ ಗಾಳಗಾರರ ಸಂಘ ಹುಟ್ಟಿತು. ಇಂದಿನ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಅದೇ. ಇಲ್ಲಿ ಗಾಳಕ್ಕೆ ಬೀಳುವ ಕಟ್ಲಾ, ರೋಹುಗಳು ಈ ನೆಲದವಲ್ಲ, ಗಂಗಾ ಬಯಲಿನವು. ತಂದು ಬಿಟ್ಟದ್ದು. ಕೆರೆಯೇ ಮನುಷ್ಯ ಕಟ್ಟಿದ್ದಾದ್ದರಿಂದ ಅದರಲ್ಲಿ ಯಾವ ಮೀನಿದೆ ಎಂದು ಯಾರೂ ಕೇಳುವುದಿಲ್ಲ. ಮೊಸಳೆಗಳಿವೆ, ಆದ್ದರಿಂದ ನೀರಿಗಿಳಿಯಬೇಡಿ ಎಂದಷ್ಟೇ ಹೇಳುತ್ತಾರೆ. ಕೆರೆ ತುಂಬಿ ಹರಿದರೆ ಮಿಠಿ ನದಿಯ ಮೂಲಕ ಮಾಹಿಮ್ ಖಾರಿಗೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಮುಂಬಯಿಗೆ ನೆನಪಾದ ನದಿ ಅದು.

ಪೊವಾಯಿ ದಾಟಿ, ಪನ್ವೇಲಿನಿಂದ ಬೋರ್ ಘಾಟು. ಕೊಂಕಣದಿಂದ ದಖ್ಖನ್ನಿಗೆ ಏರುವ ಈ ಬಾಗಿಲು ಎಷ್ಟು ಹಳೆಯದೆಂದು ಕಾರ್ಲೆ, ಭಾಜೆಯ ಗುಹೆಗಳೇ ಹೇಳುತ್ತವೆ. ಚಕ್ರದ ಗಾಡಿ ಹತ್ತುವ ರಸ್ತೆಯಾದದ್ದು 1830ರಲ್ಲಿ, ಗವರ್ನರ್ ಜಾನ್ ಮಾಲ್ಕಮ್ ಕಾಲದಲ್ಲಿ. ರೈಲು ಹತ್ತಿದ್ದು 1863ರಲ್ಲಿ. ಆರು ಪಥದ ಎಕ್ಸ್‌ಪ್ರೆಸ್ ವೇ ಪೂರ್ತಿ ತೆರೆದದ್ದು 2002ರಲ್ಲಿ. ನಾವು ಹಳೆಯ ರಸ್ತೆಯಲ್ಲಿ ಹೋಗುವುದೆಂದು ನಿಶ್ಚಯಿಸಿದ್ದೇವೆ. ಎಕ್ಸ್‌ಪ್ರೆಸ್ ವೇಯಲ್ಲಿ ಬೇಕಾದ ಕಡೆ ಗಾಡಿ ನಿಲ್ಲಿಸಲು ಆಗುವುದಿಲ್ಲ, ಖೋಪೋಲಿಯೂ ತಪ್ಪಿಹೋಗುತ್ತದೆ.

ಖೋಪೋಲಿಯಲ್ಲಿ ಯಾಕೆ ನಿಲ್ಲಬೇಕು? ಘಟ್ಟದ ಬುಡದಲ್ಲಿರುವ ವಿದ್ಯುತ್ ಕೇಂದ್ರಕ್ಕಾಗಿ. 1910ರಲ್ಲಿ ಟಾಟಾ ಜಲವಿದ್ಯುತ್ ಕಂಪನಿ ಹುಟ್ಟಿ, ಮೇಲೆ ಲೋಣಾವಳ, ವಲವಣ, ಶಿರೋತಾಗಳಲ್ಲಿ ಅಣೆಕಟ್ಟು ಕಟ್ಟಿ, ನೀರನ್ನು ಕೊಳವೆಯಲ್ಲಿ ಕೆಳಗಿಳಿಸಿ, 1915ರಲ್ಲಿ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ ಕೊಟ್ಟಿತು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಇದು ಅದರ ತಮ್ಮ ಎನ್ನಬಹುದು. ಒಂದು ವ್ಯತ್ಯಾಸ ಮಾತ್ರ ಇದೆ. ಶಿವನಸಮುದ್ರದ ನೀರು ಟರ್ಬೈನ್ ತಿರುಗಿಸಿ ಮತ್ತೆ ಕಾವೇರಿಗೇ ಬೀಳುತ್ತದೆ. ಲೋಣಾವಳದ ಮಳೆ ಇಂದ್ರಾಯಣಿಯ ಮೂಲಕ ಭೀಮೆಗೆ, ಭೀಮೆಯಿಂದ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗಬೇಕಾದದ್ದು. ಅದರಲ್ಲಿ ಒಂದು ಪಾಲನ್ನು ಪಶ್ಚಿಮಕ್ಕೆ ತಿರುಗಿಸಿ ಪಾತಾಳಗಂಗೆಗೆ ಇಳಿಸಿದರು. ಹೊಳೆಯ ದಿಕ್ಕನ್ನೇ ಬದಲಿಸಬಹುದು ಎಂಬ ಧೈರ್ಯ ಈ ಘಟ್ಟದಲ್ಲಿ ನೂರು ವರ್ಷಕ್ಕೂ ಹಿಂದೆಯೇ ಬಂದಿತ್ತು. ಅದಕ್ಕೆ ಬೆಲೆ ತೆತ್ತವರೂ ಇದ್ದರು. ಸ್ವಲ್ಪ ದಕ್ಷಿಣದ ಮುಳಶಿಯಲ್ಲಿ ಇಂಥದೇ ಅಣೆಕಟ್ಟಿನ ವಿರುದ್ಧ 1921ರಲ್ಲಿ ರೈತರು ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟ್ ‘ಸೇನಾಪತಿ’ ಎನಿಸಿಕೊಂಡದ್ದು ಆ ಹೋರಾಟದಲ್ಲಿ.

ಮೊದಲ ರಾತ್ರಿ ಲೋಣಾವಳ. ಚಿಕ್ಕಿ ಕೊಳ್ಳುವವರು ಕೊಳ್ಳಲಿ, ನನಗೆ ಬೇಕಾದದ್ದು ವಲವಣ ಕೆರೆ. ನಮ್ಮ ಕಥೆಯ ಮೀನು ಹೊರಟದ್ದು ಇಲ್ಲಿಂದ. ಮಹಶೀರ್ ಎಂಬ ಮೀನಿನ ಹೆಸರನ್ನು ನೀವು ಕೇಳಿರಬಹುದು. ದೊಡ್ಡ ಹುರುಪೆ, ದಪ್ಪ ತುಟಿ, ಸೆಳವಿಗೆ ಎದುರಾಗಿ ಈಜುವ ಬಲ. ಇಡೀ ಏಷ್ಯಾದ ಗಾಳಗಾರರಿಗೆ ಇದು ರಾಜ. ಸ್ವಾತಂತ್ರ್ಯ ಬಂದು ಎರಡು ದಶಕ ಕಳೆಯುವ ಹೊತ್ತಿಗೆ ಅಣೆಕಟ್ಟು, ಕೊಳಚೆ, ಸಿಡಿಮದ್ದಿನ ಬೇಟೆ ಎಲ್ಲ ಸೇರಿ ದಖ್ಖನ್ನಿನ ಹೊಳೆಗಳಲ್ಲಿ ಇದು ಅಪರೂಪವಾಗುತ್ತ ಬಂತು. ಆಗ ಮೀನುವಿಜ್ಞಾನಿ ಸಿ.ವಿ. ಕುಲಕರ್ಣಿಯವರು ದಖ್ಖನ್ ಮಹಶೀರ್ ಹೇಗೆ, ಯಾವಾಗ ಮೊಟ್ಟೆಯಿಡುತ್ತದೆ ಎಂದು ಅಭ್ಯಾಸ ಮಾಡಿ 1971ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಣ್ಣಿನ ಹೊಟ್ಟೆ ಒತ್ತಿ ಮೊಟ್ಟೆ ತೆಗೆದು, ಗಂಡಿನ ಹಾಲು ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಮರಿ ಮಾಡಿಸುವ ಕೆಲಸ ಟಾಟಾ ಕಂಪನಿಯ ಕೆರೆಗಳ ದಂಡೆಯಲ್ಲಿ ಶುರುವಾಯಿತು. ಕುಲಕರ್ಣಿ ಮತ್ತು ಎಸ್.ಎನ್. ಓಗಲೆಯವರು ಇದನ್ನು ವರ್ಷದಿಂದ ವರ್ಷಕ್ಕೆ ಬೆಳೆಸಿದರು. ಲಕ್ಷಗಟ್ಟಲೆ ಮರಿಗಳು ಇಲ್ಲಿಂದ ದೇಶದ ಬೇರೆ ಬೇರೆ ರಾಜ್ಯಗಳ ಕೆರೆ, ಹೊಳೆಗಳಿಗೆ ಹೋದವು. ಒಂದು ಖಾಸಗಿ ವಿದ್ಯುತ್ ಕಂಪನಿ ಅಳಿವಿನಂಚಿನ ಮೀನಿಗಾಗಿ ಇಷ್ಟು ವರ್ಷ ಖರ್ಚು ಮಾಡಿದ್ದು ಸಣ್ಣ ಮಾತಲ್ಲ. ಮುಂದಿನದನ್ನು ಓದುವಾಗ ದಯವಿಟ್ಟು ಇದನ್ನು ಮರೆಯಬೇಡಿ.

ಎರಡನೆಯ ದಿನ ಪುಣೆ. ಬಂಡ್ ಗಾರ್ಡನ್ನಿನ ಹತ್ತಿರ 1867ರ ಫಿಟ್ಜ್‌ಜೆರಾಲ್ಡ್ ಸೇತುವೆಯ ಮೇಲೆ ನಿಂತರೆ ಕೆಳಗೆ ಮುಳಾ-ಮುಠಾ. ಈಗ ಮೂಗು ಮುಚ್ಚಿಕೊಂಡು ನೋಡಬೇಕಾದ ನೀರು. ಇಲ್ಲಿ ಮೀನು ಹಿಡಿಯುವ ಮಾತಿಲ್ಲ, ಆದರೂ ನಿಲ್ಲಬೇಕು. ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿ 1824ರಿಂದ ಬೊಂಬಾಯಿ ಸರ್ಕಾರದ ಅಂಕಿಅಂಶದ ಅಧಿಕಾರಿಯಾಗಿ ದಖ್ಖನ್ನನ್ನು ಸುತ್ತಿದ. ಹೊಲ, ಜನ, ಬೆಳೆಗಳ ಲೆಕ್ಕ ಹಾಕುತ್ತಲೇ ಹಕ್ಕಿ, ಮೀನುಗಳನ್ನೂ ಪಟ್ಟಿ ಮಾಡಿದ. ಪುಣೆಯ ಪೂರ್ವಕ್ಕೆ ಈ ಹೊಳೆಯಲ್ಲಿ ಸಿಕ್ಕ ಮಹಶೀರಿಗೆ 1839ರಲ್ಲಿ ಸ್ಥಳೀಯರ ಬಾಯಲ್ಲಿದ್ದ ಹೆಸರನ್ನೇ ಬಳಸಿ ‘ಖುದ್ರೀ’ ಎಂದು ನಾಮಕರಣ ಮಾಡಿದ. ಇಂದಿಗೂ ಅದರ ವೈಜ್ಞಾನಿಕ ಹೆಸರು ಟಾರ್ ಖುದ್ರೀ. ರೆಕ್ಕೆಗಳು ನೀಲಿಬೂದು ಬಣ್ಣದವಾದ್ದರಿಂದ ನೀಲಿರೆಕ್ಕೆ ಮಹಶೀರ್ ಎಂದೂ ಕರೆಯುತ್ತಾರೆ. ಇದೇ ಪಟ್ಟಿಯಲ್ಲಿ ಸೈಕ್ಸ್ ಇನ್ನೊಂದು ಮೀನಿಗೆ ‘ಮುಸುಲ್ಲಾ’ ಎಂದು ಹೆಸರಿಟ್ಟ. ಈ ಎರಡೂ ಹೆಸರು ನೆನಪಿರಲಿ. ಎರಡೂ ಕಾವೇರಿಯವರೆಗೆ ಬರುತ್ತವೆ.

ಪುಣೆಯಿಂದ ಮುಂದಿನ ದಾರಿಯನ್ನು ನದಿಗಳ ಹೆಸರಿನಲ್ಲೇ ಹೇಳಬಹುದು. ಶಿರವಳದಲ್ಲಿ ನೀರಾ, ಸಾತಾರೆಗೆ ಮೊದಲು ಕೃಷ್ಣೆ, ಕರಾಡದಲ್ಲಿ ಕೊಯ್ನಾ, ಮುಂದೆ ವಾರಣಾ, ಕೊಲ್ಲಾಪುರದಲ್ಲಿ ಪಂಚಗಂಗಾ. ಅಲ್ಲಿ ಎರಡನೆಯ ರಾತ್ರಿ. ಮರುದಿನ ದೂಧಗಂಗಾ, ವೇದಗಂಗಾ ದಾಟಿದರೆ ನಿಪ್ಪಾಣಿ, ಕನ್ನಡದ ಬೋರ್ಡುಗಳು. ಸಂಕೇಶ್ವರದ ಹತ್ತಿರ ಹಿರಣ್ಯಕೇಶಿ, ಆಮೇಲೆ ಘಟಪ್ರಭಾ, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ. ಘಟಪ್ರಭೆಯ ಜಾಡು ಹಿಡಿದು ಗೋಕಾಕ ಜಲಪಾತಕ್ಕೆ ಹೋಗಿ ಬರಲು ಅರ್ಧ ದಿನ ಇಟ್ಟಿದ್ದೇವೆ. ಗೆಳೆಯರ ಗಾಳಕ್ಕೆ ಅವರ ಪರಿಚಯದವರ ತೋಟದ ಕೆರೆ ಇದೆ. ಮೂರನೆಯ ರಾತ್ರಿ ಹುಬ್ಬಳ್ಳಿ-ಧಾರವಾಡದಲ್ಲಿ, ಅವರ ಮನೆಯಲ್ಲಿ.

ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ತಿರುಗಿದರೆ ಅಂಕೋಲೆ, ಕರಾವಳಿ. ನಮ್ಮ ಪಟ್ಟಿಯಲ್ಲಿ ಅದಿಲ್ಲ. ಆದರೆ ಮೀನಿನ ಕಥೆಯ ಒಂದು ತುಂಡು ಅಲ್ಲಿದೆ. ಮಹಶೀರಿಗೆ ಗಾಳ ಹಾಕುವುದನ್ನು ಪ್ರಪಂಚಕ್ಕೆ ಕಲಿಸಿದ ಪುಸ್ತಕ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ, 1873ರಲ್ಲಿ. ‘ದಿ ರಾಡ್ ಇನ್ ಇಂಡಿಯಾ’ ಎಂಬ ಆ ಪುಸ್ತಕ ಬರೆದ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವನು. ಅದಕ್ಕೂ ಮೂರು ವರ್ಷ ಮೊದಲು ಇದೇ ಜಿಲ್ಲೆಯ ಮೀನುಸಾಕಣೆಯ ಬಗ್ಗೆ ವರದಿ ಬರೆದಿದ್ದ. ಹೊಳೆಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ತಡೆಯುವ ಕಾನೂನು ಭಾರತಕ್ಕೆ ಬಂದದ್ದು 1897ರಲ್ಲಿ.

ಆದರೆ ಮೀನು ಕಾಯುವ ಪದ್ಧತಿ ಕಾನೂನಿಗಿಂತ ಹಳೆಯದು. ಶೃಂಗೇರಿಯ ತುಂಗಾತೀರದಲ್ಲಿ ಮಂಡಕ್ಕಿ ಹಾಕಿದವರಿಗೆಲ್ಲ ಇದು ಗೊತ್ತು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಮುಂದೆ ಹರಿಯುವ ಕಪಿಲೆಯಲ್ಲಿ ಮಹಶೀರ್ ಕುಲದ ಮೀನುಗಳು ಗುಂಪುಗುಂಪಾಗಿವೆ. ಅವು ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿ ಸಾವಿರಾರು ಮೀನು ಸತ್ತಾಗ ಊರವರು ಅವಕ್ಕೆ ಸ್ಮಾರಕ ಕಟ್ಟಿದರು. ದೇವಸ್ಥಾನದ ಈ ಕಾವಲಿನಲ್ಲಿ ಗಮನಿಸಬೇಕಾದದ್ದು ಒಂದು ಅಂಶ. ಅಲ್ಲಿ ಮೀನನ್ನು ಕಾಯುವುದೆಂದರೆ ಆ ಮಡುವಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬಿಡುವುದು. ಹೊರಗಿನಿಂದ ತಂದು ತುಂಬಿಸುವುದು ಅದರಲ್ಲಿಲ್ಲ.

ನಾಲ್ಕನೆಯ ದಿನ ಹಾವೇರಿಯ ಹತ್ತಿರ ವರದಾ, ಹರಿಹರದಲ್ಲಿ ತುಂಗಭದ್ರಾ, ಚಿತ್ರದುರ್ಗ ಕಳೆದು ಹಿರಿಯೂರಿನಲ್ಲಿ ವೇದಾವತಿ. ವೇದಾವತಿಗೆ ಮೈಸೂರು ಸಂಸ್ಥಾನ ಕಟ್ಟಿಸಿದ ವಾಣಿವಿಲಾಸ ಸಾಗರ, ಹಳಬರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿಯಿತು. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ. ಎರಡು ಗುಡ್ಡಗಳ ನಡುವಿನ ಆ ನೀರಿನ ಪಕ್ಕ ಸಂಜೆ ಕೂರುವ ಯೋಚನೆಯಿದೆ.

ಇಲ್ಲಿ ನಕ್ಷೆ ತೆಗೆದು ನೋಡಿದೆ. ಬೋರ್ ಘಾಟಿನ ನೆತ್ತಿಯಿಂದ ಹಿರಿಯೂರಿನವರೆಗೆ ನಾವು ದಾಟಿದ ಹೊಳೆಗಳೆಲ್ಲ ಒಂದೇ ಸಂಸಾರದವು. ಇಂದ್ರಾಯಣಿಯಿಂದ ವೇದಾವತಿಯವರೆಗೆ ಎಲ್ಲವೂ ಕೊನೆಗೆ ಕೃಷ್ಣೆಗೆ ಸೇರುವವು. ಮೂರೂವರೆ ದಿನ, ಎರಡು ರಾಜ್ಯ, ಎರಡು ಭಾಷೆ, ಜೋಳದ ರೊಟ್ಟಿಯ ಹತ್ತು ಬಗೆ, ಆದರೆ ನದಿ ವ್ಯವಸ್ಥೆ ಒಂದೇ. ಶಿರಾ ದಾಟಿ ತುಮಕೂರಿನ ಹತ್ತಿರ ಬಂದಾಗಲೇ ನೀರಿನ ಗಡಿ ಬರುವುದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯ ಕಡೆ ಹೋದರೆ, ಅಲ್ಲೇ ಹುಟ್ಟುವ ಶಿಂಷಾ ಕಾವೇರಿಯ ಕಡೆ ಇಳಿಯುತ್ತದೆ. ಅಲ್ಲಿ ಟೋಲ್ ಇಲ್ಲ, ಬೋರ್ಡಿಲ್ಲ, ಪೊಲೀಸ್ ಚೌಕಿಯಿಲ್ಲ. ಗಾಡಿಯಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಸಿಹಿನೀರಿನ ಮೀನಿಗೆ ಇದಕ್ಕಿಂತ ಗಟ್ಟಿಯಾದ ಗಡಿ ಇನ್ನೊಂದಿಲ್ಲ. ಕೃಷ್ಣೆಯ ಮೀನು ತಾನಾಗಿ ಈಜಿ ಕಾವೇರಿಗೆ ಬರಲು ಸಾಧ್ಯವೇ ಇಲ್ಲ. ಲಕ್ಷಾಂತರ ವರ್ಷ ಹೀಗೆ ಬೇರೆಯಾಗಿದ್ದುದರಿಂದಲೇ ಎರಡು ನದಿಗಳಲ್ಲಿ ಬೇರೆ ಬೇರೆ ಮೀನುಗಳು ಬೆಳೆದವು.

ಐದನೆಯ ದಿನ ಬೆಂಗಳೂರಿನ ಗೊಡವೆಯೇ ಬೇಡವೆಂದು ತುಮಕೂರಿನಿಂದ ಕುಣಿಗಲ್, ಹುಲಿಯೂರುದುರ್ಗ, ಮದ್ದೂರಿನ ದಾರಿ. ಮದ್ದೂರಿನಲ್ಲಿ ವಡೆ, ಶಿಂಷಾ ಎರಡೂ ಸಿಗುತ್ತವೆ. ಮಳವಳ್ಳಿ, ಹಲಗೂರು, ಆಮೇಲೆ ಕಾಡಿನ ಇಳಿಜಾರು, ಮುತ್ತತ್ತಿ, ಭೀಮೇಶ್ವರಿ. ಕಾವೇರಿ ಇಲ್ಲಿ ಬಂಡೆಗಳ ನಡುವೆ ನುಗ್ಗಿ, ಮಡುವುಗಳಲ್ಲಿ ತಣ್ಣಗಾಗಿ, ಮೇಕೆದಾಟಿನ ಕಡೆ ಹೋಗುತ್ತಾಳೆ. ಮಹಶೀರಿಗೆ ಈ ಕಡೆಯವರು ಬಿಳಿಮೀನು ಎನ್ನುತ್ತಾರೆ.

ಕಾವೇರಿಯ ಬಿಳಿಮೀನು ಬೇರೆ ಯಾವ ನದಿಯದಕ್ಕಿಂತಲೂ ದೊಡ್ಡದು. 1946ರ ಮಾರ್ಚ್ 22ರಂದು ಮೈಸೂರಿನ ಹೆಸರಾಂತ ಪ್ರಾಣಿಚರ್ಮ ಕಲಾವಿದರ ಮನೆತನದ ಡಿವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದರು. ನಮ್ಮ ಲೆಕ್ಕದಲ್ಲಿ 54 ಕಿಲೋ, ಒಬ್ಬ ಮನುಷ್ಯನ ತೂಕ. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಬ್ರಿಟಿಷರು ಹೋದ ಮೇಲೆ ಹೊರಗಿನವರು ಈ ಮೀನನ್ನು ಮರೆತರು. 1977-78ರಲ್ಲಿ ‘ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್’ ಎಂದು ಹೆಸರಿಟ್ಟುಕೊಂಡ ಮೂವರು ಇಂಗ್ಲಿಷ್ ತರುಣರು ಭೂಮಾರ್ಗವಾಗಿ ಭಾರತಕ್ಕೆ ಬಂದು, ಮಹಶೀರ್ ಹುಡುಕುತ್ತ ಕಾವೇರಿ ದಂಡೆ ಸೇರಿದರು. ಮೀನು ಹಿಡಿಯಲೆಂದೇ ಮಾಡಿದ ರಸ್ತೆ ಪ್ರಯಾಣಗಳಲ್ಲಿ ಇಷ್ಟು ಉದ್ದದ್ದು ಇನ್ನೊಂದಿರಲಾರದು. ನಮ್ಮ ಐದು ದಿನ ಅದರ ಮುಂದೆ ಏನೂ ಅಲ್ಲ. ಅವರ ಸುದ್ದಿ ಹರಡಿ ದೇಶವಿದೇಶಗಳ ಗಾಳಗಾರರು ಬರತೊಡಗಿದರು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ನಿಯಮ ಕಟ್ಟುನಿಟ್ಟು: ಹಿಡಿದ ಮೀನನ್ನು ತೂಕ ಮಾಡಿ, ಬರೆದಿಟ್ಟು, ಮತ್ತೆ ಹೊಳೆಗೆ ಬಿಡಬೇಕು. ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ. ಬಂದವರಿಗೆ ಹರಿಗೋಲು ಹಾಕಿ ಮಡು ತೋರಿಸುವವರು ಊರಿನವರೇ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಕಾವಲುಗಾರರಾದರು.

ಮೀನು ಕಡಿಮೆಯಾಗುತ್ತಿದೆ ಎಂಬ ಆತಂಕ ಆಗಲೂ ಇತ್ತು. ಅದಕ್ಕೆ ಪರಿಹಾರವಾಗಿ ಲೋಣಾವಳದ ಮರಿಗಳು ಬಂದವು. 1970ರ ದಶಕದ ಉತ್ತರಾರ್ಧದಿಂದ ಅವನ್ನು ಕಾವೇರಿಗೆ ಬಿಡಲಾಯಿತು. ಮೀನುಗಾರಿಕೆ ಇಲಾಖೆ, ಗಾಳಗಾರರ ಸಂಘ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಮರಿ ಲಭ್ಯವಿದೆ, ತಂದು ಬಿಡೋಣ. ಇದಕ್ಕಿಂತ ಸರಳವಾದ ತರ್ಕ ಯಾವುದಿದೆ? ಮರಿಗಳು ಬದುಕಿದವು, ಬೆಳೆದವು, ಹೆಚ್ಚಿದವು. ಗಾಳಕ್ಕೆ ಮತ್ತೆ ಮಹಶೀರ್ ಬೀಳತೊಡಗಿತು. ಎಲ್ಲರಿಗೂ ಸಂತೋಷ.

ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದ ಸಂಶೋಧಕರು ಗಾಳಿಬೋರೆ ಶಿಬಿರದ ಹಳೆಯ ದಾಖಲೆ ಪುಸ್ತಕಗಳನ್ನು ಬಿಡಿಸಿದಾಗ ಬೇರೊಂದು ಚಿತ್ರ ಸಿಕ್ಕಿತು. 1998ರಿಂದ 2012ರವರೆಗೆ ಗಾಳಗಾರರು 23,620 ಗಂಟೆ ಹೊಳೆಯಲ್ಲಿ ಕಳೆದು 6,161 ಮಹಶೀರ್ ಹಿಡಿದು ಬಿಟ್ಟಿದ್ದರು. ಒಟ್ಟು ಸಂಖ್ಯೆ ನೋಡಿದರೆ ಹೊಳೆ ಚೆನ್ನಾಗಿದೆ ಎನ್ನಿಸಬೇಕು. ಆದರೆ ಯಾವ ಬಗೆಯ ಮಹಶೀರ್ ಎಂದು ಬಿಡಿಸಿದರೆ, ಏರುತ್ತಿದ್ದದ್ದು ನೀಲಿರೆಕ್ಕೆಯದು. ಬೆನ್ನು ಗೂನಾದ, ಕಿತ್ತಳೆ ಬಣ್ಣದ ಬಾಲದ ಹಳೆಯ ಕಾವೇರಿ ಮಹಶೀರ್ ಕುಸಿಯುತ್ತ ಬಂದಿತ್ತು. ಮರಿಗಳೇ ಕಾಣೆಯಾಗಿದ್ದವು, ಉಳಿದವು ಕೆಲವು ಮುದಿ ಮೀನುಗಳು. 54 ಕಿಲೋ ತೂಗಿದ್ದು ಆ ಗೂನುಬೆನ್ನಿನ ಜಾತಿ. ನೀಲಿರೆಕ್ಕೆ ಪುಣೆ ಕಡೆಯ ಕೃಷ್ಣೆಯದು, ಅಂದರೆ ಸೈಕ್ಸನ ಖುದ್ರೀ.

ನೀಲಿರೆಕ್ಕೆಯೊಂದೇ ಕಾರಣ ಎಂದು ಸಂಶೋಧಕರು ಹೇಳುವುದಿಲ್ಲ. ಕನ್ನಂಬಾಡಿ, ಮೆಟ್ಟೂರು ಅಣೆಕಟ್ಟುಗಳು, ಮರಳು ತೆಗೆತ, ಸಿಡಿಮದ್ದು, ನಗರದ ಕೊಳಚೆ ಹೊತ್ತು ತರುವ ಅರ್ಕಾವತಿ ಇವೆಲ್ಲ ಇವೆ. ಆದರೆ ಬಲಗುಂದಿದ ಮನೆಯವನ ಪಾಲಿನ ತಟ್ಟೆಗೆ ಹೊಸದಾಗಿ ಲಕ್ಷ ಜನರನ್ನು ಕೂರಿಸಿದರೆ ಏನಾಗಬೇಕೋ ಅದೇ ಆಯಿತು ಎಂಬುದು ಅವರ ಅಭಿಪ್ರಾಯ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಹೆಸರಿನ ವಿಷಯ. ಕಾವೇರಿಯ ಈ ದೈತ್ಯ ಮೀನಿಗೆ ತನ್ನದೇ ಆದ ಖಚಿತ ವೈಜ್ಞಾನಿಕ ಹೆಸರೇ ಇರಲಿಲ್ಲ. ಸೈಕ್ಸ್ ಪುಣೆ ಕಡೆಯ ಇನ್ನಾವುದೋ ಮೀನಿಗೆ ಇಟ್ಟ ‘ಮುಸುಲ್ಲಾ’ ಎಂಬ ಹೆಸರನ್ನು ಹಲವರು ಇದಕ್ಕೆ ಅಂಟಿಸಿದ್ದರು. 2007ರಲ್ಲಿ ಕೇರಳದ ಪಾಂಬಾರಿನಲ್ಲಿ, ಅದೂ ಕಾವೇರಿಯ ಉಪನದಿಯೇ, ಸಿಕ್ಕ ಸಣ್ಣ ಮಹಶೀರಿಗೆ ಮೀನುವಿಜ್ಞಾನಿ ಕೆ. ರೇಮಾದೇವಿಯವರ ಹೆಸರಿನಲ್ಲಿ ಟಾರ್ ರೇಮಾದೇವಿ ಎಂದು ಹೆಸರಿಟ್ಟಿದ್ದರು. ಮೋಯಾರ್ ನದಿಯಲ್ಲಿ ಉಳಿದಿದ್ದ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿ, ಕಾವೇರಿಯ ದೈತ್ಯವೂ ಇದೇ ಎಂದು ತೋರಿಸಿದ್ದು 2018ರಲ್ಲಿ. ಹೆಸರು ಸಿಕ್ಕ ಮೇಲೆಯೇ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು, ತೀವ್ರ ಅಪಾಯದಂಚಿನ ಜಾತಿಯೆಂದು. ಅಂದರೆ ಮೊದಲು ಪುಣೆಯ ಹೆಸರು ಬಂದು ಕಾವೇರಿಯ ಮೀನಿನ ಮೇಲೆ ಕೂತಿತು, ಆಮೇಲೆ ಪುಣೆಯ ಮೀನೇ ಬಂದು ಅದರ ಮಡುವಿನಲ್ಲಿ ಕೂತಿತು. ಅಪಾಯದಲ್ಲಿದೆ ಎಂದು ನಾವು ಉಳಿಸಹೊರಟ ಖುದ್ರೀಗೆ ಈಗ ಅದೇ ಕೆಂಪು ಪಟ್ಟಿಯಲ್ಲಿ ಅಂಥ ಚಿಂತೆಯಿಲ್ಲ ಎಂಬ ಸ್ಥಾನ.

ಹಲಗೂರಿನ ಕಡೆಯ ನನ್ನ ಸೋದರಮಾವನಿಗೆ ಫೋನು ಮಾಡಿ ಕೇಳಿದೆ. ಅವರಿಗೆ ಎಪ್ಪತ್ತಾರು. “ಮೊದ್ಲು ಕೆಂಪು ಬಾಲದ್ದು ಬರೋದು ಕಣಪ್ಪ, ಬೆನ್ನು ಗೂನು. ಈಗ ಬರೋದು ಬೇರೆ ಥರದ್ದು. ಅದ್ಕೂ ಬಿಳಿಮೀನು ಅಂತಾರೆ, ನಾವೂ ಅಂಗೇ ಅಂತೀವಿ” ಎಂದರು. ಯಾವಾಗಿನಿಂದ ಬದಲಾಯಿತು ಮಾವ ಎಂದೆ. “ಅದ ಯಾರು ನೋಡ್ಕಂಡ್ರು?” ಎಂದರು. ಊರಿನವರಿಗೂ ಒಂದೇ ಹೆಸರು, ಇಲಾಖೆಗೂ ಒಂದೇ ಹೆಸರು, ಗಾಳಗಾರರಿಗೂ ಒಂದೇ ಹೆಸರು. ಒಂದೇ ಹೆಸರಿನಡಿ ಎರಡು ಜೀವ ಇದ್ದಾಗ ಒಂದು ಹೋದರೂ ಗೊತ್ತಾಗುವುದಿಲ್ಲ, ಹೆಸರು ಉಳಿದಿರುತ್ತದೆ.

ನಮ್ಮ ಕಸುಬಿನವರಿಗೆ ಈ ಕಥೆ ಬೇಗ ಅರ್ಥವಾಗಬೇಕು. ವರದಿಯಲ್ಲಿ ಇಷ್ಟು ಲಕ್ಷ ಮರಿ ಬಿಟ್ಟೆವು ಎಂದು ಬರೆಯುವುದು ಸುಲಭ, ಎಣಿಸಲು ಬರುತ್ತದೆ. ಹೊಳೆಯಲ್ಲಿ ಮೊದಲಿದ್ದದ್ದು ಏನಾಯಿತು ಎಂಬುದಕ್ಕೆ ಅಂಕಣವೇ ಇರುವುದಿಲ್ಲ. ಕಾವೇರಿಯಲ್ಲಿ ಆ ಅಂಕಣವನ್ನು ಅರಿವಿಲ್ಲದೆಯೇ ತುಂಬಿಟ್ಟವರು ಗಾಳಗಾರರು. ಹಿಡಿದದ್ದನ್ನು ಬರೆದಿಡುವ ಅವರ ಶಿಸ್ತು ಇಲ್ಲದಿದ್ದರೆ ಈ ಸಂಗತಿ ಇಂದಿಗೂ ಹೊರಬರುತ್ತಿರಲಿಲ್ಲ. ಈ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಧಾಮವಾಗಿತ್ತು. ಧಾಮದೊಳಗೆ ಮೀನು ಹಿಡಿಯುವುದು ಕಾನೂನಿಗೆ ವಿರುದ್ಧವೆಂದು ಕಳೆದ ದಶಕದ ಆರಂಭದಲ್ಲಿ ಗಾಳ ಹಾಕುವುದು ನಿಂತಿತು. ಅದು ಸರಿಯೇ ಎಂಬುವವರಿದ್ದಾರೆ. ಗಾಳಗಾರರ ಜೊತೆ ಕಾವಲೂ ಲೆಕ್ಕವೂ ಹೋದವು, ಸಿಡಿಮದ್ದಿನವರಿಗೆ ದಾರಿಯಾಯಿತು ಎಂಬುವವರೂ ಇದ್ದಾರೆ. ನನಗೆ ಎರಡನೆಯವರ ಮಾತಿನಲ್ಲಿ ಹೆಚ್ಚು ತೂಕ ಕಾಣುತ್ತದೆ. ಆದರೂ ಕಾನೂನು ಕಾನೂನೇ.

ಈ ಕಥೆಯನ್ನು ನಮ್ಮ ವಾರಾಂತ್ಯದ ಕೂಟದಲ್ಲಿ ಹೇಳಿದಾಗ ಒಬ್ಬರು, “ಹಾಗಾದರೆ ಮುಂಬಯಿಯಲ್ಲಿ ನಾವೂ ನೀಲಿರೆಕ್ಕೆಯವರೇ ಅನ್ನಿ” ಎಂದು ನಗೆ ಹಾರಿಸಿದರು. ನಕ್ಕೆ, ಆದರೆ ಒಪ್ಪಲಿಲ್ಲ. ಹೊರಗಿನಿಂದ ಬಂದವರು ಎಂಬ ಮಾತನ್ನು ಈ ನಗರದಲ್ಲಿ ನಾವೆಲ್ಲ ಕೇಳಿದ್ದೇವೆ, ಮೀನಿನ ಕಥೆಯನ್ನು ಅದಕ್ಕೆ ಸಾಕ್ಷಿಯಾಗಿಸಬಾರದು. ಮನುಷ್ಯ ಊರು ಬಿಡುವಾಗ ಯೋಚಿಸಿ ಬಿಡುತ್ತಾನೆ, ಬಂದ ಊರಿನ ಭಾಷೆ ಕಲಿಯುತ್ತಾನೆ, ಪಕ್ಕದ ಮನೆಯವರ ಜೊತೆ ಬಾಳಲು ಕಲಿಯುತ್ತಾನೆ, ಬೇಕಾದರೆ ಮರಳುತ್ತಾನೆ. ಬೇರೆ ಊರಿನವರಾದರೂ ನಾವೆಲ್ಲ ಒಂದೇ ಜಾತಿಯ ಪ್ರಾಣಿ. ಮೀನಿಗೆ ಇದಾವುದೂ ಇಲ್ಲ. ಖುದ್ರೀ ಕಾವೇರಿಯನ್ನು ಆಕ್ರಮಿಸಲು ಹೊರಟದ್ದಲ್ಲ. ಅದನ್ನು ಒಯ್ದು ಹೊಳೆಗೆ ಸುರಿದವರು ನಾವು. ಅದರ ಮೇಲೆ ಸಿಟ್ಟಾಗಲು ಕಾರಣವಿಲ್ಲ. ಪುಣೆಯ ಮುಳಾ-ಮುಠೆಯಲ್ಲಿ ಅದಕ್ಕೆ ಬಾಳಲು ನೀರಿದೆಯೇ ಎಂದು ಕೇಳಬೇಕು.

ನಮ್ಮ ಪ್ರಯಾಣದ ಹಾಳೆಯಲ್ಲಿ ಕೊನೆಯ ದಿನದ ಸಾಲನ್ನು ಗೆಳೆಯರೂ ನಾನೂ ಕೂತು ತಿದ್ದಿದೆವು. ಗಾಳದ ಕೋಲುಗಳು ಧಾರವಾಡದ ಅವರ ಮನೆಯಲ್ಲೇ ಉಳಿಯುತ್ತವೆ. ಮುತ್ತತ್ತಿಯಲ್ಲಿ ಬೆಳಗಿನ ಹೊತ್ತು ದಂಡೆಯಲ್ಲಿ ನಡೆದಾಟ, ದೂರದರ್ಶಕ, ಅಷ್ಟೇ. ಮಧ್ಯಾಹ್ನ ಮಾವನ ಮನೆಯಲ್ಲಿ ಮುದ್ದೆ ಊಟ. ಸಂಜೆ ಸುತ್ತಲಿನ ಎರಡು ಮೂರು ಹಳ್ಳಿಗಳಲ್ಲಿ ಅರುವತ್ತು ದಾಟಿದ ಬೆಸ್ತರನ್ನು ಕಂಡು, ಕೆಂಪು ಬಾಲದ ಬಿಳಿಮೀನನ್ನು ಕೊನೆಯ ಸಲ ಯಾವ ಮಡುವಿನಲ್ಲಿ, ಯಾವ ವರ್ಷ, ಎಷ್ಟು ಉದ್ದದ್ದು ನೋಡಿದಿರಿ ಎಂದು ಕೇಳಿ ಬರೆದುಕೊಳ್ಳುವುದು. ಬರೆಯುವ ಕೆಲಸ ನನ್ನ ಮಗಳದು. ಅವಳಿಗೆ ಕನ್ನಡ ಓದಲು ಬರುತ್ತದೆ, ಬರೆಯುವುದು ನಿಧಾನ. ನಾಲ್ಕು ಅಂಕಣದ ಒಂದು ನೋಟ್‌ಬುಕ್ ತಂದಿಟ್ಟಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಕಾವೇರಿ, ಕಬಿನಿ, ಶಿಂಷಾ ದಂಡೆಯ ಊರಿದ್ದರೆ, ಈ ಸಲ ರಜೆಗೆ ಹೋದಾಗ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ನೋಡಿ. ಬಾಲದ ಬಣ್ಣ ಏನಿತ್ತು ಅಂತ.